ನೀರಿನ ಸಿಹಿ, ತೂಕದ ಲೆಕ್ಕ

ತೂಕ ಇಳಿಸಲು ಹೊರಟವರು ನೀರಿಗೆ ಬೆರೆಸಿಕೊಳ್ಳುವ ‘ಶೂನ್ಯ ಕ್ಯಾಲೊರಿ’ ಹನಿಗಳಲ್ಲಿ ಸಾಮಾನ್ಯವಾಗಿ ಆಮ್ಲ, ಪರಿಮಳದ್ರವ್ಯ ಮತ್ತು ಸುಕ್ರಲೋಸ್‌ನಂತಹ ಕೃತಕ ಸಿಹಿಕಾರಕ ಇರುತ್ತವೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್‌ನ ಬಹುಭಾಗವನ್ನು ದೇಹ ಅರಗಿಸಿಕೊಳ್ಳದೆ ಹೊರಹಾಕುವುದರಿಂದ ಕ್ಯಾಲೊರಿಯ, ಅಂದರೆ ಆಹಾರದಿಂದ ದೊರೆಯುವ ಶಕ್ತಿಯ, ಲೆಕ್ಕಕ್ಕೆ ಅದು ಸೇರುವುದಿಲ್ಲ.

ಕೊಡಗಿನ ಕಾಫಿ ತೋಟಗಳ ನಡುವಿನ ಅಮ್ಮತ್ತಿಯಂತಹ ಊರಿನಲ್ಲಿ ಈ ಲೆಕ್ಕ ಬೆಲ್ಲದ ಕರಿಕಾಫಿಯಿಂದಲೇ ಆರಂಭವಾಗಬೇಕು. ಲೋಟಕ್ಕೆ 10 ಗ್ರಾಂ ಬೆಲ್ಲ ಬಿದ್ದರೆ ಸುಮಾರು 38 ಕ್ಯಾಲೊರಿ, ದಿನಕ್ಕೆ ನಾಲ್ಕು ಲೋಟವಾದರೆ 150ರಷ್ಟು. ಬೆಲ್ಲ ತೂಕ ಹೆಚ್ಚಿಸದು ಎಂಬ ನಂಬಿಕೆಗೆ ಆಧಾರವಿಲ್ಲ.

ಸಕ್ಕರೆಯ ಬದಲು ಸುಕ್ರಲೋಸ್‌ನಂತಹ ಸಿಹಿಕಾರಕ ಬಳಸಿದವರ ತೂಕ ಅಲ್ಪಾವಧಿಯ ಪ್ರಯೋಗಗಳಲ್ಲಿ ತುಸು ಇಳಿದದ್ದುಂಟು. ಆದರೆ ದೀರ್ಘಕಾಲದ ಲಾಭ ದೃಢಪಡದ ಕಾರಣ, ತೂಕ ನಿಯಂತ್ರಣಕ್ಕೆಂದು ಅವುಗಳನ್ನು ಬಳಸದಿರುವಂತೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಷರತ್ತುಬದ್ಧ ಶಿಫಾರಸು ಮಾಡಿತು. ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಆಮ್ಲ ಬೆರೆತ ನೀರನ್ನು ದಿನವಿಡೀ ಗುಟುಕರಿಸಿದರೆ ಹಲ್ಲಿನ ಎನಾಮಲ್, ಅಂದರೆ ಗಟ್ಟಿ ಹೊರಪದರ, ಸವೆಯುವ ಅಪಾಯವೂ ಇದೆ. ನಿಂಬೆರಸದ ನೀರಿಗೂ ಈ ಮಾತು ಸಲ್ಲುತ್ತದೆ.

ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಮಡಚಿ ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿ ಲಿಮೋನೀನ್ ಎಂಬ ಸುಗಂಧವಸ್ತು ಹೇರಳವಾಗಿದ್ದು, ಚೆನ್ನಾಗಿ ತೊಳೆದ ಸಿಪ್ಪೆಯ ಚೂರೊಂದನ್ನು ನೀರಿನ ಹೂಜಿಗೆ ಹಾಕಿದರೆ ಸಿಹಿಯ ಹಂಗಿಲ್ಲದೆ ಪರಿಮಳ ದೊರೆಯುತ್ತದೆ; ನಾಲಿಗೆಗೆ ಸಿಹಿಯ ಚಟವನ್ನು ಉಳಿಸದ ಈ ದಾರಿಯೇ ಹೆಚ್ಚು ಯುಕ್ತವಾದುದು.