ದೆಹಲಿಯ ಬಿಸಿಲೇ ಮದ್ದು

ಗುಲಾಬಿ ಸತ್ತ ಪಾತಿಗೆ ಮರುವಾರವೇ ಇನ್ನೊಂದು ಗುಲಾಬಿ ತಂದು ನೆಡುವವರು ದೆಹಲಿಯಲ್ಲಿ ಬಹಳ. ಈ ಊರಿನ ಗುಲಾಬಿ ಹುಚ್ಚು ಹಳೆಯದು. ಗೋಧಿಯ ತುಕ್ಕು ರೋಗದ ಮೇಲೆ ದುಡಿದ ಪೂಸಾ ಸಂಸ್ಥೆಯ ವಿಜ್ಞಾನಿ ಬಿ.ಪಿ. ಪಾಲ್ ಅವರೇ ಹತ್ತಾರು ಗುಲಾಬಿ ತಳಿಗಳನ್ನು ರೂಪಿಸಿದ್ದರು. ಆದರೆ ಹೊಸ ಗಿಡ ತರುವ ಮುನ್ನ ಹಳೆಯದು ಹೇಗೆ ಸತ್ತಿತೆಂದು ನೋಡಬೇಕು.

ಸವರಿದ ಕೊಂಬೆಯ ತುದಿ ಕಪ್ಪಾಗಿ, ಆ ಕಪ್ಪು ಕೆಳಗಿಳಿಯುತ್ತಾ ಬಂದಿದ್ದರೆ ಅದು ಡೈಬ್ಯಾಕ್. ಶಿಲೀಂಧ್ರ ಕತ್ತರಿಯ ಗಾಯದಿಂದ ಹೊಕ್ಕಿದೆ, ಮಣ್ಣಿನ ತಪ್ಪಿಲ್ಲ. ಕಡಿದ ಕಡ್ಡಿಯನ್ನು ಸುಡಿ ಎನ್ನುತ್ತವೆ ಹಳೆಯ ಪುಸ್ತಕಗಳು. ದೆಹಲಿಯಲ್ಲಿ ಸುಡುವುದು ನಿಷಿದ್ಧ, ಕಟ್ಟಿ ಕಸಕ್ಕೆ ಕಳಿಸಬೇಕು.

ಇಡೀ ಗಿಡ ಬಾಡಿದ್ದರೆ ಬೇರು ಕಿತ್ತು ನೋಡಿ. ಗೆದ್ದಲು ಕಂಡರೆ ಅದನ್ನೇ ದೂರಬೇಡಿ, ಎಷ್ಟೋ ಸಲ ಅದು ಸತ್ತ ಬೇರಿಗೆ ಬಂದಿರುತ್ತದೆ. ಎಳೆ ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು. ಬೆರಳಲ್ಲಿ ಎಳೆದಾಗ ಬೇರಿನ ಸಿಪ್ಪೆ ಜಾರಿ ನಾರಷ್ಟೇ ಉಳಿದರೆ ಬೇರುಕೊಳೆ. ಆಗ ರೋಗ ಮಣ್ಣಿನಲ್ಲೇ ಇದೆ. ಫ್ಯುಸೇರಿಯಂನಂಥ ಶಿಲೀಂಧ್ರದ ದಪ್ಪಗೋಡೆಯ ಬೀಜಕಣಗಳು ಗಿಡವಿಲ್ಲದೆಯೂ ವರ್ಷಗಟ್ಟಲೆ ಬದುಕಿರುತ್ತವೆ.

ಇದಕ್ಕೆ ಮಣ್ಣಿನ ಸೌರೀಕರಣವೆಂಬ ಉಪಾಯವಿದೆ. ಇಸ್ರೇಲಿನ ಯಾಕೋವ್ ಕಾತನ್ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಪ್ರಕಟಿಸಿದರು. ಮೇ ತಿಂಗಳಲ್ಲಿ ಪಾತಿ ಅಗೆದು, ಹೆಂಟೆ ಒಡೆದು, ಚೆನ್ನಾಗಿ ನೀರುಣಿಸಿ, ತೆಳ್ಳನೆಯ ಪಾರದರ್ಶಕ ಪಾಲಿಥೀನ್ ಹಾಳೆ ಹಾಸಿ ಅಂಚನ್ನು ಮಣ್ಣಲ್ಲಿ ಹೂಳಬೇಕು. ನಾಲ್ಕರಿಂದ ಆರು ವಾರ ಮುಟ್ಟಬಾರದು. ಕಪ್ಪು ಹಾಳೆ ಹೆಚ್ಚು ಕಾಯುತ್ತದಲ್ಲ ಎನಿಸಬಹುದು. ಕಾಯುವುದು ಹಾಳೆಯೇ ಹೊರತು ಮಣ್ಣಲ್ಲ. ಪಾರದರ್ಶಕ ಹಾಳೆ ಬಿಸಿಲನ್ನು ಒಳಬಿಡುತ್ತದೆ. ಅದರ ಒಳಮೈಗೆ ಕಟ್ಟುವ ನೀರಹನಿಗಳು ಮಣ್ಣಿನ ಶಾಖ ಹೊರಹೋಗದಂತೆ ತಡೆಯುತ್ತವೆ. ಮೇಲ್ಮಣ್ಣು 50 ಡಿಗ್ರಿ ಮುಟ್ಟುತ್ತದೆ. ತೇವ ಶಾಖವನ್ನು ಕೆಳಗೆ ಒಯ್ಯುತ್ತದೆ, ನಿದ್ದೆಯಲ್ಲಿದ್ದ ಬೀಜಕಣಗಳನ್ನು ಎಬ್ಬಿಸುತ್ತದೆ. ಎದ್ದವು ಬೇಗ ಸಾಯುತ್ತವೆ. ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರಗಳು ಮಾತ್ರ ಬೇಗ ಚೇತರಿಸಿಕೊಂಡು ಜಾಗ ಹಿಡಿಯುತ್ತವೆ. ಮರದ ನೆರಳಿದ್ದಲ್ಲಿ ಇದಾವುದೂ ನಡೆಯದು. ಆಳಕ್ಕಿಳಿದ ಜಂತುಹುಳುವೂ ಉಳಿದೀತು, ಹಾಗಾಗಿ ಆಮೇಲೆ ಆಳವಾಗಿ ಅಗೆದು ಕೆಳಮಣ್ಣನ್ನು ಮೇಲೆ ತರಬಾರದು.

ಜೂನ್ ಕೊನೆಗೆ ಮುಂಗಾರು ತಲುಪಿದ ಮೇಲೆ ನೆಡುವ ಕಾಲ. ಗುಲಾಬಿಯ ಕುಟುಂಬಕ್ಕೆ ಸೇರದ, ಬಿಸಿಲು ತಾಳುವ ಪೊದೆಗಳೇ ಲೇಸು: ಕಣಗಿಲೆ, ಆಡುಸೋಗೆ, ಬೋಗನ್‌ವಿಲ್ಲಾ. ಕಣಗಿಲೆ ವಿಷ, ಮಕ್ಕಳಿರುವ ಮನೆಗೆ ಬೇಡ. ನರ್ಸರಿಯ ಗಿಡ ಕೊಳ್ಳುವಾಗ ಬುಡದ ಮಣ್ಣುಂಡೆಯನ್ನು ತುಸು ಬಿಡಿಸಿ ಬೇರು ನೋಡಿ. ಗಂಟು ಕಂಡರೆ ಅಲ್ಲೇ ಬಿಟ್ಟು ಬನ್ನಿ.