ಕಾರಂಜಿಯ ನೀರನ್ನು ಮೇಲಕ್ಕೆ ದೂಡುವವರು ಯಾರು?

ಬೃಂದಾವನವನ್ನು ಕಾಣದ ವಿದ್ಯಾರ್ಥಿ ನಮ್ಮ ಕಡೆ ವಿರಳ. ಕುಂದಾಪುರದಿಂದಾಗಲಿ, ಬೈಂದೂರು ಬ್ರಹ್ಮಾವರಗಳಿಂದಾಗಲಿ ಶಾಲೆಯ ಪ್ರವಾಸ ಮೈಸೂರಿಗೆ ಹೊರಟರೆ ಸಂಜೆಯ ಹೊತ್ತು ಕೃಷ್ಣರಾಜಸಾಗರಕ್ಕೇ ಮೀಸಲು. ದೀಪ ಹತ್ತಿದೊಡನೆ ಎಲ್ಲರೂ ‘ಅಬ್ಬ!’ ಎನ್ನುತ್ತೇವೆ, ಹಾಡು ಮುಗಿದೊಡನೆ ಬಸ್ಸಿನತ್ತ ಓಡುತ್ತೇವೆ. ಇಳಿಯುವುದೇ ನೀರಿನ ಸ್ವಭಾವವಾಗಿರುವಾಗ ಇಲ್ಲಿ ಅದು ಏರುವುದೇಕೆ ಎಂದು ಕೇಳುವವರು ಕಡಿಮೆ. ಕೇಳಿದರೂ ‘ಪಂಪು ಇರಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಂಗೀತ ಕಾರಂಜಿಯ ಮಟ್ಟಿಗೆ ಅದು ನಿಜ. ಆದರೆ ಅಣೆಕಟ್ಟಿನ ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಳೆಯ ತೋಟದ ಕಾರಂಜಿಗಳಿಗೆ ಪಂಪಿನ ಹಂಗಿಲ್ಲ. ಅವು ಜಲಾಶಯದ ನೀರಿನ ಒತ್ತಡದಿಂದಲೇ ಚಿಮ್ಮುವಂತೆ ಯೋಜಿತವಾದುವು.

ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿದ್ದ ಕಾಲದಲ್ಲಿ ಮೊದಲಾಯಿತು. ಅದರ ಕೆಳಗೊಂದು ತೋಟ ಬೇಕೆಂದು ಹಂಬಲಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲರು. ಕಾಶ್ಮೀರದ ಶಾಲಿಮಾರ್ ಉದ್ಯಾನ ಅವರ ಕಣ್ಣೆದುರಿಗಿತ್ತು. ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ಲರ ಕೈ ಅದಕ್ಕೆ ರೂಪ ಕೊಟ್ಟಿತು. 1927ರಲ್ಲಿ ಆರಂಭವಾದ ತೋಟ 1932ರಲ್ಲಿ ಪೂರ್ಣಗೊಂಡಿತು. ಜಹಾಂಗೀರನು 1619ರಲ್ಲಿ ಹಾಕಿಸಿದ ಶಾಲಿಮಾರಿಗೆ ಬೆಟ್ಟದಿಂದಿಳಿದ ತೊರೆ ಬಲವಾದರೆ, ಇಲ್ಲಿ ಕಲ್ಲು ಮತ್ತು ಸುರ್ಕಿ ಗಾರೆಯ ಗೋಡೆಯ ಹಿಂದೆ ನಿಂತ ಕಾವೇರಿಯೇ ಬಲ. ಆ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ.

ಇದನ್ನು ತಿಳಿಯಲು ಮೈಸೂರಿಗೆ ಹೋಗಲೇಬೇಕೆಂದಿಲ್ಲ. ಸಿದ್ದಾಪುರ, ಕೊಲ್ಲೂರುಗಳ ಕಡೆ ಗುಡ್ಡದ ಬುಡದಲ್ಲಿ ಅಡಿಕೆ ತೋಟವಿದ್ದವರ ಮನೆಗೆ ಹೋದರೆ ಸಾಕು. ಹಿಂದೆ ಮೇಲಿನ ಒರತೆಯ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳಕ್ಕೆ ಬರುತ್ತಿತ್ತು; ಆಮೇಲೆ ಪೈಪು ಬಂದಿತು. ಪೈಪಿನ ತುದಿಗೆ ಸ್ಪ್ರಿಂಕ್ಲರ್ ಸಿಕ್ಕಿಸಿದರೆ ವಿದ್ಯುತ್ತಿಲ್ಲದೆ ನೀರು ಸುತ್ತಲೂ ಚಿಮ್ಮುತ್ತದೆ. ದಂಬೆಯಲ್ಲಿ ಹರಿಯುವಾಗ ಇಳಿಜಾರಿನ ಬಲವೆಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ; ಮುಚ್ಚಿದ ಪೈಪಿನಲ್ಲಿ ಅದು ಒತ್ತಡವಾಗಿ ಉಳಿಯುತ್ತದೆ. ಬೃಂದಾವನವೂ ಇದೇ, ರಾಜವೇಷದಲ್ಲಿ.

ಲೆಕ್ಕವೂ ಸುಲಭ. ಇಟಲಿಯ ಟಾರಿಚೆಲ್ಲಿ ಹದಿನೇಳನೆಯ ಶತಮಾನದಲ್ಲಿ ಕಂಡುಕೊಂಡಂತೆ, ತೂತಿನಿಂದ ಹೊರಬೀಳುವ ನೀರಿನ ವೇಗವೂ ಅದೇ ಎತ್ತರದಿಂದ ಬಿದ್ದ ಕಲ್ಲಿನ ವೇಗವೂ ಒಂದೇ. ನೀರಿನ ಮೇಲ್ಮೈ ಮೂತಿಗಿಂತ 5 ಮೀಟರ್ ಎತ್ತರದಲ್ಲಿದ್ದರೆ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಅಂದರೆ ಆ ನೀರು ಮರಳಿ 5 ಮೀಟರ್ ಏರಬೇಕು. ಏರುವುದಿಲ್ಲ. ಪೈಪಿನ ಒಳಮೈಯ ಉಜ್ಜಾಟ, ತಿರುವುಗಳು, ಗಾಳಿಯ ತಡೆ, ಮೇಲಿಂದ ಮರಳಿ ಬೀಳುವ ನೀರಿನ ಪೆಟ್ಟು, ಇವೆಲ್ಲ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಆದುದರಿಂದಲೇ ಚತುರ ಶಿಲ್ಪಿಯು ಪೈಪನ್ನು ದಪ್ಪವಾಗಿಯೂ ಮೂತಿಯನ್ನು ಕಿರಿದಾಗಿಯೂ ಇಡುತ್ತಾನೆ. ದಪ್ಪ ಪೈಪಿನಲ್ಲಿ ನೀರು ನಿಧಾನವಾಗಿ ಬರುವುದರಿಂದ ನಷ್ಟ ಕಡಿಮೆ, ಓಟವೆಲ್ಲ ಮೂತಿಯಲ್ಲಿ. ಮೂತಿಯನ್ನು 45 ಡಿಗ್ರಿ ವಾಲಿಸಿದರೆ, ಎತ್ತರ ಅರ್ಧಕ್ಕಿಳಿದು ನೀರು ಹತ್ತು ಮೀಟರ್ ದೂರಕ್ಕೆ ಕಮಾನಾಗಿ ಬೀಳುತ್ತದೆ. ಹೂವಿನಂತೆ, ಕೊಡೆಯಂತೆ ಕಾಣುವ ಆಕಾರಗಳೆಲ್ಲ ಮೂತಿಯ ರಚನೆ ಮತ್ತು ಕೋನಗಳ ಆಟ.

ಇನ್ನು ಬಣ್ಣ. ತಿಳಿಯಾದ, ನಯವಾದ ಧಾರೆಯ ಬುಡದಲ್ಲಿ ದೀಪವಿಟ್ಟರೆ ಬೆಳಕು ಧಾರೆಯ ಒಳಗೋಡೆಗೆ ತಾಗಿ ತಾಗಿ ಒಳಗೇ ಸಾಗುತ್ತದೆ. ಜಿನೀವಾದ ಕೊಲಾಡನ್ ಎಂಬ ವಿಜ್ಞಾನಿ 1840ರ ದಶಕದ ಆದಿಯಲ್ಲಿ ಇದನ್ನು ತೋರಿಸಿದ್ದನು. ಬೆಳಕು ಹೊರಗೆ ಬಂದು ನಮ್ಮ ಕಣ್ಣಿಗೆ ತಾಗಬೇಕಾದರೆ ಧಾರೆ ಒಡೆಯಬೇಕು. ಆದಕಾರಣ ಕೆಲವು ಮೂತಿಗಳಲ್ಲಿ ನೀರಿಗೆ ಗಾಳಿಯನ್ನು ಬೆರೆಸಿ ನೊರೆಯನ್ನು ಎಬ್ಬಿಸುತ್ತಾರೆ. ನಾವು ಕೆಂಪು ನೀರು, ಹಸುರು ನೀರು ಎಂದು ಬೆರಗಾಗುವುದು ನೊರೆಯ ಮೇಲೆ ಬಿದ್ದ ಬೆಳಕಿಗೆ.

ಸಂಗೀತ ಕಾರಂಜಿಯ ಸಂಗತಿಯೇ ಬೇರೆ. ಅಲ್ಲಿ ಕ್ಷಣಕ್ಷಣಕ್ಕೂ ಎತ್ತರ ಬದಲಾಗಬೇಕು. ಅಚಲವಾದ ಜಲಾಶಯ ತಾಳಕ್ಕೆ ಕುಣಿಯದು. ಇಂಥ ಕಾರಂಜಿಗಳಲ್ಲಿ ಪಂಪು ಒತ್ತಡ ಕೊಡುತ್ತದೆ. ವಿದ್ಯುತ್ತಿನ ಕವಾಟಗಳು ತೆರೆದು ಮುಚ್ಚುತ್ತವೆ. ಯಾವುದು ಯಾವಾಗ ಎಂಬುದನ್ನು ಈಗ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಒಂದು ಸ್ವಾರಸ್ಯವನ್ನು ಮಾತ್ರ ಹೇಳದಿರಲಾರೆ. 5 ಮೀಟರ್ ಏರಲು ಧಾರೆಗೆ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ತಾಳ ಬಿದ್ದಾಗ ಕವಾಟ ತೆರೆದರೆ ನೀರು ತುದಿ ಮುಟ್ಟುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ! ಆದ್ದರಿಂದ ನೀರಿಗೆ ಮೊದಲೇ ಅಪ್ಪಣೆ ಹೋಗಬೇಕು. ಒಳ್ಳೆಯ ಚಂಡೆಯವನು ವೇಷಧಾರಿಯ ಹೆಜ್ಜೆಯನ್ನು ಮುಂಚಿತವಾಗಿ ಅರಿಯುವಂತೆ.

ನಮ್ಮ ಊರುಗಳಲ್ಲಿಯೂ ಕಾರಂಜಿ ಕಟ್ಟುವ ಹುರುಪೇನೋ ಉಂಟು. ಒಂದು ಕಡೆ ನಾನು ಕಂಡದ್ದು ಇಷ್ಟೇ: ಉದ್ಘಾಟನೆಯ ವರ್ಷ ನೀರು, ಮರುವರ್ಷ ಹಾವಸೆ, ಆಮೇಲೆ ಒಣ ಎಲೆ. ಯೋಜಿಸಿದವರು ಮೂರು ಸಂಗತಿ ಮರೆತಿದ್ದರು. ಕಡಲ ಗಾಳಿಗೆ ಧಾರೆ ವಾಲುವುದರಿಂದ, ಅದು ಎಷ್ಟು ಎತ್ತರವೋ ಕನಿಷ್ಠ ಅಷ್ಟು ಅಗಲದ ಕೊಳ ಸುತ್ತಲೂ ಬೇಕು. ಅಲ್ಲಿ ದಾರಿಹೋಕರ ಬಟ್ಟೆ ನೆನೆಯುತ್ತಿತ್ತು. ನಮ್ಮ ಮುರಕಲ್ಲಿನ ನೆಲದ ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದು, ಗಾಳಿ ತಾಗಿದರೆ ಕೆಂಪು ಗಸಿಯಾಗಿ ಸಣ್ಣ ಮೂತಿಗಳನ್ನು ಕಟ್ಟಿಬಿಡುತ್ತದೆ. ಸೋಸುವ ವ್ಯವಸ್ಥೆ ಇರಲಿಲ್ಲ. ಕೊಳದ ನೀರನ್ನೇ ಮರಳಿ ಎತ್ತಿದರೂ ತುಂತುರು ಹಾರಿ, ಆವಿಯಾಗಿ ಕಳೆದುಹೋದಷ್ಟನ್ನು ದಿನವೂ ತುಂಬಬೇಕು. ಮಳೆಗಾಲದಲ್ಲಿ ಅದಕ್ಕೆ ಬರವಿಲ್ಲ. ಆದರೆ ಕಡಲ ಬದಿಯ ಬಾವಿಗೆ ಉಪ್ಪು ಏರುವ ಏಪ್ರಿಲಿನಲ್ಲಿ, ಕೊಡಪಾನ ಹಿಡಿದು ನಳ್ಳಿಯೆದುರು ನಿಂತವರ ಮುಂದೆ ಕಾರಂಜಿ ಬಿಡಲು ಯಾರಿಗೆ ಮನಸ್ಸು ಬಂದೀತು?

ಬೃಂದಾವನವನ್ನೇ ದೊಡ್ಡ ಮನೋರಂಜನಾ ಉದ್ಯಾನವಾಗಿ ಮಾರ್ಪಡಿಸುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ರೈತರಿಂದ ವಿರೋಧವೂ ಬಂದಿತು. ಕಟ್ಟೆಯ ಸುರಕ್ಷತೆ, ಜನಸಂದಣಿಗಳ ವಾದ ಬಲ್ಲವರಿಗೆ ಬಿಟ್ಟದ್ದು. ನನ್ನ ಚಿಂತೆ ಸಣ್ಣದು. ಹೊಸ ಕಾರಂಜಿಗಳು ಪಂಪಿನಿಂದ ಎಷ್ಟು ಎತ್ತರಕ್ಕಾದರೂ ಚಿಮ್ಮಲಿ. ಬೇಸಗೆಯಲ್ಲಿ ಜಲಾಶಯ ಇಳಿದಾಗ ಹಳೆಯ ಕಾರಂಜಿಗಳ ಒತ್ತಡವೂ ತಗ್ಗುವುದು ಸಹಜ. ಅದನ್ನು ದೋಷವೆಂದು ಬಗೆದು ಅವುಗಳಿಗೂ ಮೋಟಾರು ಜೋಡಿಸದಿದ್ದರೆ ಸಾಕು. ಕಟ್ಟೆಯ ಹಿಂದೆ ನೀರು ಎಷ್ಟಿದೆಯೆಂಬುದನ್ನು ತೋಟದಲ್ಲಿ ನಿಂತವನಿಗೆ ತಿಳಿಸಬಲ್ಲವು ಅವೇ.