ಕಾರಣ ತಿಳಿಯದ ಎದೆನೋವು ಮತ್ತು ಹೃದಯದ ಎಂಆರ್‌ಐ

ಹೃದಯದ ಎಂಆರ್‌ಐ ಎಂಬುದು ಪ್ರಬಲ ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳ ನೆರವಿನಿಂದ ಹೃದಯದ ರಚನೆ, ಚಲನೆ ಮತ್ತು ಸ್ನಾಯುವಿನ ಸ್ಥಿತಿಯನ್ನು ಚಿತ್ರಿಸುವ ಪರೀಕ್ಷೆ. ಹಠಾತ್ ಎದೆನೋವಿನಿಂದ ಆಸ್ಪತ್ರೆಗೆ ಬಂದ ರೋಗಿಯ ಹೃದಯ ಸ್ನಾಯುವಿಗೆ ಹಾನಿಯಾಗಿರುವುದು ರಕ್ತಪರೀಕ್ಷೆಯಲ್ಲಿ ತಿಳಿದರೂ ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳದ ಅಡಚಣೆ ಕಾಣದಿದ್ದಾಗ, ಮೂಲಕಾರಣವನ್ನು ಪತ್ತೆಹಚ್ಚಲು ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

ಎದೆನೋವಿನ ರೋಗಿಗೆ ಮೊದಲು ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆ ಮಾಡಲಾಗುತ್ತದೆ. ಟ್ರೋಪೋನಿನ್ ಹೃದಯ ಸ್ನಾಯುವಿನ ಕೋಶಗಳಲ್ಲಿರುವ ಪ್ರೋಟೀನು. ಕೋಶಗಳಿಗೆ ಹಾನಿಯಾದಾಗ ಅದು ರಕ್ತಕ್ಕೆ ಸೇರುತ್ತದೆ. ಆದರೆ ಹಾನಿಯ ಕಾರಣವನ್ನು ಈ ಪರೀಕ್ಷೆ ಹೇಳಲಾರದು. ಹೃದಯಾಘಾತದ ಲಕ್ಷಣಗಳಿದ್ದೂ ಹೃದಯಕ್ಕೆ ರಕ್ತ ಒದಗಿಸುವ ಅಪಧಮನಿಗಳಲ್ಲಿ 50% ಅಥವಾ ಅದಕ್ಕಿಂತ ಹೆಚ್ಚಿನ ಕಿರಿದಾಗುವಿಕೆ ಇಲ್ಲದ ಸ್ಥಿತಿಯನ್ನು ಮಿನೋಕಾ ಎಂದು ಕರೆಯುತ್ತಾರೆ. ಇದು ಮಹಿಳೆಯರಲ್ಲಿ ಮತ್ತು ಕಡಿಮೆ ವಯಸ್ಸಿನವರಲ್ಲಿ ತುಲನಾತ್ಮಕವಾಗಿ ಹೆಚ್ಚು. ಇಂಥವರನ್ನು ‘ರಕ್ತನಾಳ ಸರಿಯಾಗಿದೆ’ ಎಂದಷ್ಟೇ ಹೇಳಿ ಮನೆಗೆ ಕಳುಹಿಸಿದರೆ ನಿಜವಾದ ಹೃದಯಾಘಾತಕ್ಕೆ ಚಿಕಿತ್ಸೆ ದೊರೆಯದೆ ಹೋಗಬಹುದು. ಎಲ್ಲರನ್ನೂ ಹೃದಯಾಘಾತದ ರೋಗಿಗಳೆಂದು ಪರಿಗಣಿಸಿದರೆ ಅನಗತ್ಯ ಔಷಧಗಳನ್ನು ದೀರ್ಘಕಾಲ ಸೇವಿಸಬೇಕಾಗಬಹುದು.

ಪರೀಕ್ಷೆಯ ವಿಧಾನ

ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಸಾಮರ್ಥ್ಯದ ಯಂತ್ರವನ್ನು ಬಳಸಲಾಗುತ್ತದೆ. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ. ಹೃದಯವು ಸದಾ ಮಿಡಿಯುತ್ತಿರುವುದರಿಂದ ಚಿತ್ರಗಳನ್ನು ಇಸಿಜಿಗೆ ಹೊಂದಿಸಿ ತೆಗೆಯುತ್ತಾರೆ. ರೋಗಿಯು ಆಗಾಗ ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಬೇಕಾಗುತ್ತದೆ. ಮೊದಲು ಹೃದಯದ ಗೋಡೆಗಳ ಚಲನೆಯನ್ನೂ ಸ್ನಾಯುವಿನ ಊತವನ್ನೂ ಪರಿಶೀಲಿಸಲಾಗುತ್ತದೆ. ಬಳಿಕ ಗ್ಯಾಡೋಲಿನಿಯಮ್ ಆಧಾರಿತ ದ್ರಾವಣವನ್ನು ಅಭಿಧಮನಿಗೆ ಚುಚ್ಚಿ, ಸುಮಾರು 10 ನಿಮಿಷಗಳ ನಂತರ ಮತ್ತೆ ಚಿತ್ರ ತೆಗೆಯಲಾಗುತ್ತದೆ. ಆರೋಗ್ಯವಂತ ಸ್ನಾಯುವಿನಿಂದ ದ್ರಾವಣ ಬೇಗ ಹೊರಹೋಗುತ್ತದೆ. ಸತ್ತ ಅಥವಾ ಗಾಯಗೊಂಡ ಭಾಗದಲ್ಲಿ ಉಳಿದು ಬೆಳ್ಳಗೆ ಕಾಣುತ್ತದೆ.

ಕಾರಣಗಳ ಗುರುತಿಸುವಿಕೆ

ಬಿಳಿ ಗುರುತು ಗೋಡೆಯ ಯಾವ ಪದರದಲ್ಲಿದೆ ಎಂಬುದು ಮುಖ್ಯ ಸುಳಿವು.

ಹೃದಯಾಘಾತ: ರಕ್ತದ ಕೊರತೆಯ ಪರಿಣಾಮ ಒಳಪದರದಿಂದ ಆರಂಭವಾಗಿ ಹೊರಕ್ಕೆ ಹರಡುವುದರಿಂದ ಗುರುತು ಒಳಪದರವನ್ನು ಒಳಗೊಂಡಿರುತ್ತದೆ, ಅದು ಒಂದು ಅಪಧಮನಿಯ ವ್ಯಾಪ್ತಿಗೆ ಹೊಂದುತ್ತದೆ.

ಹೃದಯ ಸ್ನಾಯುವಿನ ಉರಿಯೂತ: ವೈರಸ್ ಸೋಂಕಿನ ನಂತರ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಗುರುತು ಗೋಡೆಯ ಹೊರಪದರದಲ್ಲಿ ಅಥವಾ ನಡುಪದರದಲ್ಲಿದ್ದು, ಒಳಪದರ ಸಾಮಾನ್ಯವಾಗಿ ಹಾನಿಗೊಳಗಾಗಿರುವುದಿಲ್ಲ. ಇದರ ನಿರ್ಣಯಕ್ಕೆ 2009ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕೃತವಾದ ‘ಲೇಕ್ ಲೂಯಿಸ್ ಮಾನದಂಡ’ಗಳನ್ನು ಅನುಸರಿಸಲಾಗುತ್ತದೆ.

ಟಕೊಟ್ಸುಬೊ: ತೀವ್ರ ದುಃಖ, ಭಯ ಅಥವಾ ದೈಹಿಕ ಒತ್ತಡದ ಬಳಿಕ ಉಂಟಾಗಬಹುದಾದ ತಾತ್ಕಾಲಿಕ ದುರ್ಬಲತೆ. ಎಡ ಹೃತ್ಕುಕ್ಷಿಯ ತುದಿ ಉಬ್ಬಿ, ಜಪಾನಿನಲ್ಲಿ ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯನ್ನು ಹೋಲುವುದರಿಂದ ಈ ಹೆಸರು ಬಂದಿದೆ. ಊತ ಕಂಡರೂ ಬಿಳಿ ಗುರುತು ಸಾಮಾನ್ಯವಾಗಿ ಇರುವುದಿಲ್ಲ.

ಚಿಕಿತ್ಸೆಯ ಮೇಲಿನ ಪರಿಣಾಮ

ಹೃದಯಾಘಾತ ದೃಢಪಟ್ಟರೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮತ್ತು ಕೊಲೆಸ್ಟರಾಲ್ ಇಳಿಸುವ ಔಷಧಗಳು ಸಾಮಾನ್ಯವಾಗಿ ಬೇಕಾಗುತ್ತವೆ. ಉರಿಯೂತವಿದ್ದರೆ ಕೆಲವು ತಿಂಗಳು ಶ್ರಮದಾಯಕ ವ್ಯಾಯಾಮದಿಂದ ದೂರವಿರುವಂತೆ ಸೂಚಿಸಲಾಗುತ್ತದೆ. ಕಾರಣ ಸ್ಪಷ್ಟವಾಗದ ಮಿನೋಕಾ ರೋಗಿಗಳಿಗೆ ಹೃದಯದ ಎಂಆರ್‌ಐ ಮಾಡುವಂತೆ ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ 2020ರ ಮಾರ್ಗಸೂಚಿ ಶಿಫಾರಸು ಮಾಡಿದೆ. ಊತವು ಕಾಲಕ್ರಮೇಣ ಇಳಿದುಹೋಗುವುದರಿಂದ, ನೋವು ಕಾಣಿಸಿಕೊಂಡ ಮೊದಲ ಎರಡು ವಾರಗಳೊಳಗೆ ಪರೀಕ್ಷೆ ನಡೆಸುವುದು ಹೆಚ್ಚು ಫಲಕಾರಿ.

ಮಿತಿಗಳು

ಇದು ತುರ್ತು ಚಿಕಿತ್ಸೆಯ ಮೊದಲ ಪರೀಕ್ಷೆಯಲ್ಲ. ಇಸಿಜಿ ಸ್ಪಷ್ಟ ಹೃದಯಾಘಾತವನ್ನು ತೋರಿಸಿದಾಗ ಅಥವಾ ರೋಗಿಯ ಸ್ಥಿತಿ ಅಸ್ಥಿರವಾಗಿದ್ದಾಗ ಎಂಆರ್‌ಐಗಾಗಿ ಕಾಯುವುದು ಅಪಾಯಕರ. ಮಹಾಪಧಮನಿಯ ಸೀಳು ಮತ್ತು ಶ್ವಾಸಕೋಶದ ರಕ್ತನಾಳದ ಹೆಪ್ಪುಗಳ ತ್ವರಿತ ಪತ್ತೆಗೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಬಳಸಲಾಗುತ್ತದೆ. ಕೆಲವು ಹಳೆಯ ಪೇಸ್‌ಮೇಕರ್‌ಗಳು ಅಥವಾ ಲೋಹದ ಸಾಧನಗಳು ದೇಹದಲ್ಲಿದ್ದರೆ ಪರೀಕ್ಷೆ ಸುರಕ್ಷಿತವಲ್ಲ. ಮೂತ್ರಪಿಂಡದ ತೀವ್ರ ವೈಫಲ್ಯವಿರುವವರಿಗೆ ಗ್ಯಾಡೋಲಿನಿಯಮ್ ನೀಡುವಾಗ ವಿಶೇಷ ಎಚ್ಚರಿಕೆ ಅಗತ್ಯ.